ವಾಯವ್ಯ ಮೂಲೆಯ ಎರಡು ಎಕರೆ

ಇಪ್ಪತ್ತು ವರ್ಷ ಸರಪಳಿ ಎಳೆದವನಿಗೆ ರಂಗೋಲಿ ಹಾಕುವುದನ್ನು ಕಲಿಸಿದರು. ನಗಬೇಡಿ, ಖರೆ ಹೇಳುತ್ತಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ ಎರಡು ದಿನ ತರಬೇತಿ ನಡೆಯಿತು. ಬೇರೆ ಬೇರೆ ತಾಲ್ಲೂಕಿನ ನಾವು ಹತ್ತಾರು ಸರ್ಕಾರಿ ಭೂಮಾಪಕರು ಬೂಟು ಕಳಚಿ ನೆಲದ ಮೇಲೆ ಕೂತಿದ್ದೆವು. ವಿದ್ಯಾಗಿರಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಮೇಡಂ ಒಬ್ಬರು ನಮ್ಮ ಮುಂದೆ ರಂಗೋಲಿ ಪುಡಿ, ಹುಣಸೆ ಬೀಜ, ಬೇವಿನ ಸೊಪ್ಪು ಹರವಿಟ್ಟು, "ಗೆರಿ ನೀವು ಎಳೀಬ್ಯಾಡ್ರಿ ಸರ್. ಊರವರ ಕೈಯಾಗ ಪುಡಿ ಕೊಡ್ರಿ, ಅವರ ಎಳೀಲಿ" ಅಂದರು. ಪಕ್ಕದಲ್ಲಿದ್ದ ಬಾದಾಮಿ ತಾಲ್ಲೂಕಿನ ಗೆಳೆಯ ನನ್ನ ಕಿವಿಯಲ್ಲಿ, "ಲೇ, ನಾಳಿಂದ ಮಷೀನು ಮನ್ಯಾಗ ಇಟ್ಟು ಹೆಣ್ಣಮಕ್ಕಳ ಹಿಂದ ಪುಡಿ ಡಬ್ಬಿ ಹಿಡಕೊಂಡು ಅಡ್ಡಾಡು" ಅಂದ. ಇಬ್ಬರೂ ನಕ್ಕೆವು. ಆಗ ನಕ್ಕದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಇದಕ್ಕೆಲ್ಲ ಕಾರಣ ಒಂದಿತ್ತು. ಸರ್ಕಾರಿ ಜಾಗದಲ್ಲಿ ಏನು ಮಾಡಬೇಕೆಂದು ಕಚೇರಿಯಲ್ಲೇ ಕೂತು ನಕ್ಷೆ ಬರೆದು, ಆಮೇಲೆ ಊರಿನವರು ಅಡ್ಡ ನಿಂತು ಕೋರ್ಟಿಗೆ ಹೋಗಿ, ಕೆಲಸ ವರ್ಷಗಟ್ಟಲೆ ನಿಂತುಬಿಡುತ್ತಿತ್ತು. ಈ ಸಲ ಜನರನ್ನು ಮೊದಲೇ ಕೂಡಿಸಿ, ಅವರ ಕೈಯಿಂದಲೇ ನಕ್ಷೆ ಮಾಡಿಸಿ ಎಂದು ಮೇಲಿನಿಂದ ಆದೇಶ ಬಂದಿತ್ತು. ನನ್ನ ಪಾಲಿಗೆ ಬಂದದ್ದು ಹುನಗುಂದ ತಾಲ್ಲೂಕಿನ ಇಪ್ಪತ್ತೆರಡು ಎಕರೆ ಗಾಯರಾಣ, ಅಂದರೆ ದನ ಕುರಿ ಮೇಯಲೆಂದು ಬಿಟ್ಟ ಸರ್ಕಾರಿ ಜಮೀನು. ಅದರ ಕೆಳಗೆ ಮಲಪ್ರಭೆಯ ದಂಡೆಯ ಊರು, ಮೇಲ್ಗಡೆ ದಿಬ್ಬದ ಆಚೆ ಬೀರಪ್ಪನ ಒಕ್ಕಲಾದ ಕುರಿಗಾರರ ಹಟ್ಟಿ, ನಲವತ್ತು ಮನೆ.

ಕೆಳಗಿನ ಊರಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿರುವುದಿಲ್ಲ. ಹೊಳೆ ಒಂದಲ್ಲ ಎರಡು ಸಲ ಊರೊಳಗೆ ನುಗ್ಗಿ ತಗ್ಗಿನ ಓಣಿಗಳ ಮಣ್ಣಿನ ಮನೆಗಳನ್ನು ಕರಗಿಸಿಬಿಟ್ಟಿತ್ತು. ಅರವತ್ತೆಂಟು ಕುಟುಂಬಗಳು ಸಾಲೆಯ ಹಿಂದಿನ ಬಯಲಿನಲ್ಲಿ ತಗಡಿನ ಶೆಡ್ಡುಗಳಲ್ಲಿದ್ದವು. ತಾತ್ಕಾಲಿಕ ಎಂದು ಹಾಕಿದ ಶೆಡ್ಡುಗಳಲ್ಲಿ ಮಕ್ಕಳು ಹುಟ್ಟಿ ಸಾಲೆಗೆ ಹೋಗುವ ವಯಸ್ಸಿಗೆ ಬಂದಿದ್ದವು. ಬೇಸಿಗೆಯ ಮಧ್ಯಾಹ್ನ ಆ ತಗಡಿನ ಕೆಳಗೆ ಐದು ನಿಮಿಷ ನಿಂತರೆ ತಲೆ ಸಿಡಿಯುತ್ತದೆ. ಆ ಜನರಿಗೆ ಮೂವತ್ತು ನಲವತ್ತರ ನಿವೇಶನ ಕೊಡಬೇಕು, ಅದು ಈ ಗಾಯರಾಣದಲ್ಲೇ ಆಗಬೇಕು. ಬೇರೆ ಸರ್ಕಾರಿ ಜಾಗ ಸುತ್ತ ಎಲ್ಲೂ ಇರಲಿಲ್ಲ.

ಶೆಡ್ಡಿನವರ ಪರವಾಗಿ ಮಾತಾಡುತ್ತಿದ್ದವನು ಐವತ್ತರ ಆಸುಪಾಸಿನ ಒಬ್ಬ ನೇಕಾರ. ಇಳಕಲ್ ಸೀರೆ ನೇಯುವವನು. ಅವನದು ಗುಂಡಿ ಮಗ್ಗ. ನೆಲದಲ್ಲಿ ಸೊಂಟದಾಳ ಗುಂಡಿ ತೋಡಿ, ಅದರ ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯಬೇಕು. ಹೊಳೆ ಬಂದಾಗ ಗುಂಡಿ ತುಂಬಿ ಮನೆ ಅದರ ಮೇಲೆ ಕುಸಿದಿತ್ತು. ಮಗ್ಗದ ಕಟ್ಟಿಗೆಗಳನ್ನು ಮಾತ್ರ ಹೊರಗೆಳೆದು, ಹಗ್ಗ ಕಟ್ಟಿ, ಶೆಡ್ಡಿನಲ್ಲಿ ತಲೆದೆಸೆಗೆ ಇಟ್ಟುಕೊಂಡು ಮಲಗುತ್ತಿದ್ದ. ಬಯಲಿನಲ್ಲಿ ಗುಂಡಿ ತೋಡಲು ಸಾಲೆಯವರು ಬಿಟ್ಟಿರಲಿಲ್ಲ. "ಗ್ವಾಡಿ ಆಮ್ಯಾಲ ಕಟ್ಟಿದ್ರೂ ನಡೀತೈತಿ ಸಾಹೇಬ್ರ. ನನಗ ಮೊದಲ ತಗ್ಗು ಬೇಕು. ಮಣ್ಣಿನ ಜಾಗಾ ನೋಡಿ ಕೊಡ್ರಿ, ಕಲ್ಲಿನ್ಯಾಗ ಹಾಕಬ್ಯಾಡ್ರಿ" ಎಂದು ಮೊದಲ ದಿನವೇ ಕೈ ಹಿಡಿದು ಕೇಳಿದ್ದ.

ಅವನ ಭಯ ಸರಿಯಾಗಿತ್ತು. ಇಪ್ಪತ್ತೆರಡು ಎಕರೆಯಲ್ಲಿ ಮುಕ್ಕಾಲು ಪಾಲು ಬಂಡೆ. ಹಾರೆ ಹಾಕಿದರೆ ಕಿಡಿ ಬರುವಂಥದ್ದು. ಪೂರ್ವದ ಅಂಚಿನಲ್ಲಿ ಒಂದು ಪಟ್ಟಿ ಮಣ್ಣಿತ್ತು. ಅಲ್ಲಿ ಮೂವತ್ತನಾಲ್ಕು ನಿವೇಶನ ಕೂರುತ್ತಿದ್ದವು, ಅಂದರೆ ಸರಿಯಾಗಿ ಅರ್ಧ. ಉಳಿದ ಅರ್ಧವನ್ನು ಎಲ್ಲಿ ಕೂರಿಸುವುದೆಂದು ತಲೆ ಕೆಡಿಸಿಕೊಂಡೇ ನಾನು ಹಟ್ಟಿಗೆ ರಂಗೋಲಿ ಪುಡಿ ಹೊತ್ತುಕೊಂಡು ಹೋದದ್ದು.

ಹಟ್ಟಿಯಲ್ಲಿ ಗಂಡಸರಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅವರು ಕುರಿ ಹೊಡೆದುಕೊಂಡು ಸಿಂಧನೂರು ಕಡೆ ಹೋಗುತ್ತಾರೆ. ಕೊಯ್ದ ಗದ್ದೆಗಳಲ್ಲಿ ಹಿಂಡು ತರುಬಿ, ಮುಂಗಾರು ಹತ್ತಿರ ಬಂದಾಗ ತಿರುಗಿ ಬರುತ್ತಾರೆ. ಹೆಂಗಸರೇ ಸಾಕು, ಜಾಗದ ಬಳಕೆ ಅವರಿಗೇ ಚೆನ್ನಾಗಿ ಗೊತ್ತು ಎಂದು ತರಬೇತಿಯಲ್ಲಿ ಹೇಳಿದ್ದರು. ಬೀರಪ್ಪನ ಗುಡಿಯ ಮುಂದಿನ ಅಂಗಳ ಗುಡಿಸಿ, ಸಗಣಿ ಸಾರಿಸಿ, ಇಪ್ಪತ್ತು ಇಪ್ಪತ್ತೈದು ಹೆಂಗಸರು ಸುತ್ತ ಕೂತರು. ಮೊದಲರ್ಧ ತಾಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದೇ ನಕ್ಕದ್ದು. ಆಮೇಲೆ ಒಬ್ಬ ಮುದುಕಿ ನನ್ನ ಕೈಯಿಂದ ಪುಡಿ ಕಸಿದುಕೊಂಡು, "ಸರೀರಿ ಅತ್ಲಾಗ, ನಿಮಗೇನ್ ತಿಳೀತೈತಿ" ಎಂದು ಗದರಿ ಗೆರೆ ಎಳೆಯತೊಡಗಿದಳು. ಹಟ್ಟಿಯಲ್ಲಿ ಅವಳ ಮಾತೇ ಕಡೆಯ ಮಾತೆಂದು ಆಗಲೇ ಗೊತ್ತಾಯಿತು.

ಎಂಥ ನಕ್ಷೆ ಅಂತೀರಿ! ಮಳೆಗಾಲದಲ್ಲಿ ನೀರು ನಿಲ್ಲುವ ಹೊಂಡ, ಕುರಿ ಉಣ್ಣೆ ಕತ್ತರಿಸುವ ಬಂಡೆ, ಉರುವಲು ಸಿಗುವ ಜಾಲಿ, ಹೆಂಗಸರು ಬೆಳಗಿನ ಜಾವ ಚೆಂಬು ಹಿಡಿದು ಹೋಗುವ ಮರೆ, ಎಲ್ಲ ಬಂತು. ಹುಣಸೆ ಬೀಜ ಸಾಲಾಗಿಟ್ಟು ಕಾಲುದಾರಿ ತೋರಿಸಿದರು. ನನ್ನ ಯಂತ್ರದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರೆ ದೂರ ಅಳತೆ ಹೆಚ್ಚೂಕಡಿಮೆ ಸರಿಯಿತ್ತು. ನನಗೆ ಖುಷಿಯೋ ಖುಷಿ.

ವಾಯವ್ಯ ಮೂಲೆಯಲ್ಲಿ ಮಾತ್ರ ಯಾರೂ ಏನೂ ಇಡಲಿಲ್ಲ. ಅದು ನನ್ನ ಅಳತೆಯಲ್ಲಿ ಎರಡು ಎಕರೆ ಚಿಲ್ಲರೆ, ತಂಗಡಿ ಗಿಡಗಳು ಅಲ್ಲೊಂದು ಇಲ್ಲೊಂದು ಬೆಳೆದ, ಸಪಾಟಾದ ಕೆಂಪು ಮಸಾರಿ ನೆಲ. ರಸ್ತೆಗೂ ಹತ್ತಿರ. ಹುಣಸೆ ಬೀಜದ ದಾರಿಗಳು ಅದರ ಹತ್ತಿರ ಬಂದು, ಸುತ್ತು ಹಾಕಿ ಮುಂದೆ ಹೋಗಿದ್ದವು.

"ಇಲ್ಲಿ ಏನ್ ಮಾಡ್ತೀರಿ?" ಎಂದು ಬೆರಳಿಟ್ಟು ಕೇಳಿದೆ.

ಮುದುಕಿ ನನ್ನ ಬೆರಳನ್ನೇ ನೋಡಿ, "ಏನೂ ಮಾಡಂಗಿಲ್ರಿ" ಅಂದಳು.

"ಕುರಿ ಮೇಯಂಗಿಲ್ಲೇನು?"

"ಇಲ್ರಿ."

"ಮತ್ತ ದಾರಿ ಯಾಕ ಸುತ್ತ ಹಾಕಿ ಹೋಗ್ತಾವ? ನೆಟ್ಟಗ ಹೋದ್ರ ಅರ್ಧ ದೂರ ಉಳೀತೈತಲ್ಲ."

"ಹಂಗ ಐತ್ರಿ, ಮೊದಲಿಂದ."

ಪಕ್ಕದಲ್ಲಿ ಬೀಜ ಇಡುತ್ತಿದ್ದ ಒಬ್ಬ ತರುಣಿ, ಇಪ್ಪತ್ತು ಇಪ್ಪತ್ತೆರಡರವಳು, ಕೈಗೆ ಅಂಟಿದ ಪುಡಿಯನ್ನು ಸೀರೆಗೆ ಒರೆಸಿಕೊಂಡು ಎದ್ದು ಒಳಗೆ ಹೋದಳು. ನಾನು ನೋಡಿದೆ. ಬಿಸಿಲೇರಿತ್ತು, ಊಟದ ಹೊತ್ತಾಗಿತ್ತು, ಮನೆಯಲ್ಲಿ ಒಲೆ ಮೇಲೆ ಏನೋ ಇಟ್ಟು ಬಂದಿರಬೇಕು ಎಂದುಕೊಂಡೆ. ಕಚೇರಿಯ ನಮೂನೆಯಲ್ಲಿ ಮೂರು ಅಂಕಣಗಳಿದ್ದವು: ಜಾಗ, ಬಳಕೆ, ಬಳಸುವವರು. ವಾಯವ್ಯ ಭಾಗದ ಮುಂದೆ 'ಯಾವುದೇ ಬಳಕೆ ಇರುವುದಿಲ್ಲ' ಎಂದು ಬರೆದೆ. ಓದಿ ಹೇಳಿದೆ. ಯಾರೂ ಅಲ್ಲವೆನ್ನಲಿಲ್ಲ. ಹೆಬ್ಬೆಟ್ಟು, ಸಹಿ ತೆಗೆದುಕೊಂಡೆ. ಉಳಿದ ಮೂವತ್ತನಾಲ್ಕು ನಿವೇಶನಕ್ಕೆ ಜಾಗ ಸಿಕ್ಕಿತಪ್ಪ ಎಂದು ಮೋಟರ್ ಸೈಕಲ್ ಮೇಲೆ ಹಾಡು ಗುನುಗುತ್ತಾ ಹುನಗುಂದಕ್ಕೆ ಬಂದೆ.

ಆಮೇಲಿನದೆಲ್ಲ ಎಣ್ಣೆ ಹಚ್ಚಿದ ಹಾಗೆ ಸರಾಗ. ಕರಡು ನಕ್ಷೆಯನ್ನು ಪಂಚಾಯ್ತಿ ಬೋರ್ಡಿಗೆ ಅಂಟಿಸಿದೆವು. ಡಂಗುರ ಹೊಡೆಸಿದೆವು. ಆಕ್ಷೇಪಣೆಗೆ ಕೊಟ್ಟ ದಿನಗಳು ಮುಗಿದವು, ಒಂದೂ ಬರಲಿಲ್ಲ. ನಮ್ಮ ತಹಶೀಲ್ದಾರರು ಜಿಲ್ಲಾ ಸಭೆಯಲ್ಲಿ ನನ್ನ ನಕ್ಷೆಯನ್ನು ಎತ್ತಿ ತೋರಿಸಿ, ಜನರನ್ನು ಹೀಗೆ ಒಳಗೊಳ್ಳಬೇಕು ಅಂದರಂತೆ. ಶೆಡ್ಡಿನವರು ಚೀಟಿ ಎತ್ತಿದರು. ನೇಕಾರನಿಗೆ ವಾಯವ್ಯ ಮೂಲೆಯ ನಿವೇಶನವೇ ಬಂತು. ಮಣ್ಣು ಸಿಕ್ಕಿತೆಂದು ಆ ಮನುಷ್ಯ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟ. ಜೆಸಿಬಿ ಬಂದು ತಂಗಡಿ ಗಿಡ ಕಿತ್ತು, ಮೇಲಿನ ಮಣ್ಣು ಕೆರೆದು ಸಮ ಮಾಡಿತು. ನಾನು ಸುಣ್ಣದ ಗೆರೆ ಹಾಕಿಸಿದೆ.

ಜೆಸಿಬಿ ಓಡಾಡಿದ ಮೂರು ದಿನವೂ ಹಟ್ಟಿಯ ಹೆಂಗಸರು ದಿಬ್ಬದ ಮೇಲೆ ಸಾಲಾಗಿ ಕೂತು ನೋಡಿದರು. ಜೆಸಿಬಿ ನೋಡುವ ಆಸೆ ಎಂದುಕೊಂಡು ನಾನೊಮ್ಮೆ ಕೈ ಬೀಸಿದೆ. ಯಾರೂ ತಿರುಗಿ ಕೈ ಬೀಸಲಿಲ್ಲ.

ಸುಣ್ಣದ ಗೆರೆ ಹಾಕಿದ ನಾಲ್ಕನೆಯ ದಿನ ಬೆಳಿಗ್ಗೆ ನೇಕಾರ ಫೋನು ಮಾಡಿದ. "ಸಾಹೇಬ್ರ, ಒಬ್ಬರ ಬರ್ರಿ. ಯಾರಿಗೂ ಹೇಳಬ್ಯಾಡ್ರಿ" ಅಂದು ಇಟ್ಟುಬಿಟ್ಟ.

ಹಕ್ಕುಪತ್ರ ಕೈಗೆ ಬರುವ ತನಕ ಕಾಯಲಾರದೆ ಅವನು ಮಗ್ಗದ ಗುಂಡಿ ತೋಡಲು ಶುರು ಮಾಡಿದ್ದ. ಮೊಣಕಾಲುದ್ದ ಆಗಿತ್ತು. ಗುಂಡಿಯ ಒಂದು ಬದಿಗೆ ತನ್ನ ಟವೆಲ್ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಮಣ್ಣಿನ ಹೆಂಟೆ ಇಟ್ಟಿದ್ದ. ನಾನು ಹೋದಾಗ ಟವೆಲ್ಲಿನ ಒಂದು ಅಂಚು ಎತ್ತಿದ. ಒಮ್ಮೆ ನೋಡಿದೆ. ಅವನು ಮತ್ತೆ ಮುಚ್ಚಿದ.

"ಸಣ್ಣ ಕೂಸರಿ. ಸಲಿಕಿ ತಾಗೇತಿ. ನನಗ ಗೊತ್ತಾಗಲಿಲ್ರಿ" ಅಂದ. "ಬಾಜೂದ್ರಾಗೂ ಒಂದು ಐತಿ. ಮಣ್ಣು ಮೆತ್ತಗ ಐತಿ ಅಲ್ಲಿ. ಎಷ್ಟ ಅದಾವೋ ಏನೋ."

ಅವನೇ ಮುಂದುವರಿಸಿದ. "ಮುಚ್ಚಿಬಿಡಬಹುದರಿ. ನಾ ಯಾರಿಗೂ ಹೇಳಂಗಿಲ್ಲ, ನೀವೂ ಹೇಳಂಗಿಲ್ಲ. ಆದ್ರ ಮಗ್ಗದಾಗ ಕುಂತ್ರ ನಾ ಕಾಲು ಕೆಳಗ ಬಿಡಬೇಕಲ್ರಿ. ದಿನಾ ಎಂಟು ತಾಸು. ಅಲ್ಲಿ ಹೆಂಗ ಇಡ್ಲಿ ಕಾಲು?"

ಅವನನ್ನು ಅಲ್ಲೇ ಕಾವಲಿಗೆ ಬಿಟ್ಟು ಹಟ್ಟಿಗೆ ಹೋದೆ. ಮುದುಕಿ ಅಂಗಳದಲ್ಲಿ ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಿರಲಿಲ್ಲ, ಅವಳ ಮೇಲೆ ಹಾಕಿದೆ. "ಅವತ್ತ ಕೇಳಿದೆನಲ್ಲವ್ವಾ! ಅಲ್ಲೇನೈತಿ ಹೇಳು ಅಂತ ಬೆರಳ ಇಟ್ಟು ಕೇಳಿದೆನಲ್ಲ! ಬಾಯಿ ಬಿಟ್ಟು ಒಂದು ಮಾತು ಹೇಳಾಕ ಏನಾಗಿತ್ತು?"

ಅವಳು ನೂಲುವುದು ನಿಲ್ಲಿಸಲಿಲ್ಲ. "ಏನೈತಿ ಅಂತ ಎಲ್ಲಿ ಕೇಳಿದ್ರಿ? ಏನ್ ಮಾಡ್ತೀರಿ ಅಂತ ಕೇಳಿದ್ರಿ. ಅಲ್ಲಿ ನಾವೇನ್ ಮಾಡ್ತೀವಿ? ಏನೂ ಮಾಡಂಗಿಲ್ಲ. ಕುರೀನೂ ಬಿಡಂಗಿಲ್ಲ, ಕಟಗೀನೂ ಮುರಿಯಂಗಿಲ್ಲ, ತುಳಿಯಂಗೂ ಇಲ್ಲ."

ಆಮೇಲೆ ದನಿ ತಗ್ಗಿಸಿ ಹೇಳಿದಳು. ಹಲ್ಲು ಬರುವ ಮೊದಲೇ ಹೋದ ಕೂಸನ್ನು ಈ ಹಟ್ಟಿಯವರು ಅಲ್ಲಿ ಮಣ್ಣು ಮಾಡುತ್ತಾರೆ. ತಂದೆ ಮತ್ತು ಇನ್ನೊಬ್ಬ ಹಿರಿಯ ಮಾತ್ರ ಹೋಗುತ್ತಾರೆ. ಕಲ್ಲು ನೆಡುವುದಿಲ್ಲ, ಗುರುತು ಇಡುವುದಿಲ್ಲ. ತಾಯಿಗೆ ಜಾಗ ತೋರಿಸುವುದಿಲ್ಲ. ಆಮೇಲೆ ಆ ಕೂಸಿನ ಮಾತೆತ್ತಬಾರದು, ಆ ಕಡೆ ಬೆರಳು ಮಾಡಬಾರದು. ಎತ್ತಿದರೆ ಬದುಕಿ ಉಳಿದ ಕೂಸಿನ ಮೇಲೆ ಅದರ ಕಣ್ಣು ಬೀಳುತ್ತದೆ.

"ಗಂಡಸರಿದ್ರ ಸನ್ನಿ ಮಾಡ್ಯಾದರೂ ಹೇಳತಿದ್ರೇನೋ. ನಾವು ಹಡದೋರು ಹೆಂಗ ಹೇಳೂದರಿ?"

ನಾನು ಗಂಡಸರಿಲ್ಲದ ಹೊತ್ತಿನಲ್ಲಿ ಹೋಗಿ, ಬಾಯಿ ಬಿಡಲಾರದವರನ್ನೇ ಸುತ್ತ ಕೂರಿಸಿಕೊಂಡು, ಅವರ ಮೌನಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದೆ. ಗುಡಿಸಲಿನ ಬಾಗಿಲಲ್ಲಿ ಆ ತರುಣಿ ವರ್ಷದೊಳಗಿನ ಹೆಣ್ಣುಕೂಸನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಏನೋ ಕೇಳಲು ಬಾಯಿ ತೆರೆದಳು. ಮುದುಕಿ ಗಂಟಲು ಕೆರೆದಳು, ತರುಣಿ ಒಳಗೆ ಸರಿದಳು.

ತಹಶೀಲ್ದಾರರು ಕೆಟ್ಟ ಮನುಷ್ಯರಲ್ಲ. ಶೆಡ್ಡುಗಳಿಗೆ ನೀರಿನ ಟ್ಯಾಂಕರ್ ತಪ್ಪದಂತೆ ತಾವೇ ನಿಂತು ನೋಡಿಕೊಂಡವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಕ್ಕುಪತ್ರ ಕೊಡೂ ತಾರೀಖು ಗೊತ್ತಾಗೇತಿ. ಈಗ ಎರಡು ಎಕರೆ ತಗದ್ರ ಮೂವತ್ತನಾಲ್ಕು ಮನಿ ಎಲ್ಲಿ ಹಾಕ್ತೀರಿ? ಬಂಡಿ ಮ್ಯಾಲೋ? ಇವರಿಗೆ ಇನ್ನೊಂದ್ಸಲ ಜಾಗಾ ಮಂಜೂರಾಗೂದು ನನ್ನ ಸರ್ವೀಸಿನ್ಯಾಗಂತೂ ಇಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ಎಲುಬು ಸಿಕ್ಕಷ್ಟನ್ನ ಮರ್ಯಾದಿಯಿಂದ ಒಂದ ಕಡೆ ಇಟ್ಟು ಸಣ್ಣ ಕಟ್ಟಿ ಕಟ್ಟಿಸೋಣ. ಶಾಂತಿ ಮಾಡಿಸೋಣ. ನಿಮ್ಮ ನಕ್ಷಿ ಐತಿ, ಹೆಬ್ಬೆಟ್ಟು ಐತಿ. ಯಾರೂ ಕೇಳಂಗಿಲ್ಲ" ಅಂದರು.

ಎರಡು ದಿನ ಸುಮ್ಮನಿದ್ದೆ. ಮುಚ್ಚಿಟ್ಟುಕೊಂಡು ಏನು ಪ್ರಯೋಜನ, ಆ ಎರಡು ದಿನ ನನಗೆ ತಹಶೀಲ್ದಾರರ ಮಾತೇ ಸರಿ ಅನ್ನಿಸಿತ್ತು. ಸತ್ತವರಿಗೆ ಏನಾಗಬೇಕಾಗಿದೆ, ಬದುಕಿದವರಿಗೆ ಸೂರು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅದನ್ನೂ ನೆನೆದೆ. ಸಾಲೆಯ ಹಿಂದಿನ ಶೆಡ್ಡುಗಳ ಮುಂದೆ ಗಾಡಿ ನಿಲ್ಲಿಸಿ ನೋಡಿದೆ. ಒಬ್ಬ ಬಾಣಂತಿ ತಗಡಿಗೆ ಒದ್ದೆ ಗೋಣಿಚೀಲ ಹಾಕುತ್ತಿದ್ದಳು. ಹೌದಲ್ಲ, ಇದಕ್ಕಿಂತ ಹೆಚ್ಚಿನದು ಏನಿದೆ?

ಮೂರನೆಯ ದಿನ ಗಾಯರಾಣಕ್ಕೆ ಹೋದೆ. ನೇಕಾರ ಅಲ್ಲೇ ಇದ್ದ. ಗುಂಡಿಯ ಪಕ್ಕ ಕೊಡೆ ಹಿಡಿದು ಕೂತಿದ್ದ. ನಾಯಿಗಳು ಬರುತ್ತವೆಂದು ಮೂರು ಹಗಲು ಅಲ್ಲಿಂದ ಎದ್ದಿರಲಿಲ್ಲ, ರಾತ್ರಿ ತಮ್ಮನನ್ನು ಕೂರಿಸುತ್ತಿದ್ದ. ಈ ಎರಡು ಎಕರೆ ಹೋದರೆ ಮೊದಲು ಹೋಗುವುದು ಅವನ ನಿವೇಶನ. ಅಂಥವನು ಕೂತಿದ್ದಾನೆ. ನನ್ನ ಮೇಲೆ ನನಗೇ ಹೇಸಿಕೆಯಾಯಿತು, ಥೂ.

ಕಚೇರಿಗೆ ಬಂದು ಒಂದು ಪುಟ ಬರೆದೆ. ವಾಯವ್ಯ ಭಾಗದ ಬಗ್ಗೆ ನಾನು ಕೊಟ್ಟ ವರದಿ ತಪ್ಪು, ವಿಚಾರಣೆಯನ್ನು ಸರಿಯಾಗಿ ಮಾಡಿಲ್ಲ, ಸ್ಥಳದಲ್ಲಿ ಶವ ಹೂಳಿದ ಗುರುತು ಕಂಡಿದೆ, ನಕ್ಷೆಯನ್ನು ಹಿಂಪಡೆದು ಮರುಸಭೆ ಮಾಡಬೇಕು. ಸಹಿ ಹಾಕಿ ಆವಕ ಶಾಖೆಯಲ್ಲಿ ನಂಬರ್ ಹಾಕಿಸಿಬಿಟ್ಟೆ. ನಂಬರ್ ಬಿದ್ದ ಕಾಗದವನ್ನು ಯಾರೂ ಹರಿಯುವಂತಿಲ್ಲ. ತಹಶೀಲ್ದಾರರು ಅದನ್ನು ಎರಡು ಸಲ ಓದಿದರು. "ಸಭಾ ಕರೀತೇನಿ. ಆದ್ರ ಒಂದು ತಿಳ್ಕೊರಿ. ನಿಮ್ಮ ಕಾಗದ ಆಕ್ಷೇಪಣೆ ಆಗಂಗಿಲ್ಲ. ಹಟ್ಟಿಯವರು ಯಾರರ ಎದ್ದು ನಿಂತು, ನಮ್ಮವರನ್ನ ಅಲ್ಲಿ ಮಣ್ಣು ಮಾಡೇವಿ ಅಂತ ಹೇಳಿಕೆ ಕೊಡಬೇಕು. ಕೊಡದಿದ್ರ ಮೊದಲಿನ ನಕ್ಷಿನ ಖಾಯಂ" ಅಂದರು.

ಆ ಮಾತು ಕೇಳಿ ನನಗೆ ಗಾಬರಿಯಾಯಿತು. ಸಿಂಧನೂರು ಕಡೆಗೆ ಫೋನು ಹಚ್ಚಿದೆ. ಗಂಡಸರು ಹಿಂಡು ಬಿಟ್ಟು ಬರುವ ಹಾಗಿರಲಿಲ್ಲ. ತರುಣಿಯ ಗಂಡ ಫೋನಿನಲ್ಲಿ, "ತಂಗಡಿ ಗಿಡದ ಬುಡಕ ಇಟ್ಟೇನ್ರಿ. ಗಿಡ ಐತಿಲ್ರಿ?" ಎಂದು ಕೇಳಿದ. ಗಿಡಗಳನ್ನೆಲ್ಲ ಜೆಸಿಬಿ ಕಿತ್ತು ಹಾಕಿತ್ತು. ನಾನು ಹೇಳಲಿಲ್ಲ.

ಸಾಲೆಯ ಕಟ್ಟೆಯ ಮುಂದೆ ಗ್ರಾಮಸಭೆ ಕೂಡಿತು. ಒಂದು ಕಡೆ ಶೆಡ್ಡಿನವರು, ಸುಮಾರು ಇನ್ನೂರು ಜನ. ಇನ್ನೊಂದು ಕಡೆ ಬೇವಿನ ಮರದ ಕೆಳಗೆ ಹಟ್ಟಿಯ ಹೆಂಗಸರು. ನನ್ನ ತಪ್ಪಿನ ಕಾಗದವನ್ನು ನಾನೇ ಓದಿದೆ. ಓದಿ ಮುಗಿಸುವ ಮೊದಲೇ ಕೂಗಾಟ ಶುರುವಾಯಿತು. ಮೊನ್ನೆ ತಗಡಿಗೆ ಗೋಣಿಚೀಲ ಹಾಕುತ್ತಿದ್ದ ಬಾಣಂತಿ ಎದ್ದು ನಿಂತು, "ನಮ್ಮ ಮಕ್ಕಳು ಜೀವಂತ ಅದಾವ್ರಿ! ತಗಡಿನ ಕೆಳಗ ಬೇಯಾಕತ್ತಾವ. ಇವುಕ್ಕ ಯಾರು ಕಾಗದ ಬರೀತೀರಿ?" ಎಂದು ನನ್ನನ್ನೇ ಕೇಳಿದಳು. ನಾನು ಕಾಗದ ಮಡಚಿಕೊಂಡು ಕೂತೆ.

ತಹಶೀಲ್ದಾರರು ಕೇಳಿದರು, "ವಾಯವ್ಯ ಭಾಗದ ಬಗ್ಗೆ ಯಾರದಾದ್ರೂ ತಕರಾರು ಐತೇನು?"

ಹಟ್ಟಿಯ ಹೆಂಗಸರು ನೆಲ ನೋಡಿದರು. ಮತ್ತೊಮ್ಮೆ ಕೇಳಿದರು. ನೇಕಾರ ಎದ್ದು, "ನಾ ಕಂಡದ್ದು ಹೇಳ್ತೇನ್ರಿ. ಅಗಿಯೂ ಮುಂದ ಎಲುವು ಬಂದ್ವು" ಅಂದ. ಅವನ ಓಣಿಯವರೇ ಅವನನ್ನು ಎಳೆದು ಕೂರಿಸಿದರು. ಹಿಂದಿನಿಂದ ಯಾರೋ ಕೂಗಿದರು, "ಕುರಿ ಕಾಯೋರ ಜಾಗಾ ಐತಿ, ಕುರಿ ಎಲುವು ಬಂದಿರ್ತಾವ!" ಕೆಲವರು ನಕ್ಕರು. ತಹಶೀಲ್ದಾರರು ಮೂರನೆಯ ಸಲ ಕೇಳಿ, ಠರಾವು ಬರೆದುಕೊಳ್ಳಲು ಗುಮಾಸ್ತರ ಕಡೆ ತಿರುಗಿದರು.

ಬೇವಿನ ಮರದ ಕೆಳಗೆ ಆ ತರುಣಿ ತೊಡೆಯ ಮೇಲಿದ್ದ ಕೂಸನ್ನು ಎತ್ತಿ ಮುದುಕಿಯ ಮಡಿಲಿಗೆ ಹಾಕಿದಳು. ಮುದುಕಿ ಅವಳ ಸೆರಗು ಹಿಡಿದಳು. ತರುಣಿ ಬಿಡಿಸಿಕೊಂಡು, ಕೂಸಿನಿಂದ ಹತ್ತು ಹೆಜ್ಜೆ ದೂರ ಬಂದು, ಅದಕ್ಕೆ ಬೆನ್ನು ಮಾಡಿ ನಿಂತಳು.

"ಕುರಿ ಅಲ್ರಿ" ಅಂದಳು. "ನನ್ನ ಕೂಸು ಐತಿ ಅಲ್ಲಿ."

ಗುಮಾಸ್ತರು ನಮೂನೆ ನೋಡಿ, ಅವರ ಕೆಲಸ ಅವರು ಮಾಡಬೇಕಲ್ಲ, "ಮೃತರ ಹೆಸರು?" ಎಂದು ಕೇಳಿದರು.

"ಇಟ್ಟಿರಲಿಲ್ರಿ."

"ವಯಸ್ಸು?"

"ಹದಿನೇಳು ದಿನ."

"ಗಂಡೋ ಹೆಣ್ಣೋ?"

"ಗಂಡರಿ." ಅವಳ ಕುತ್ತಿಗೆಯ ನರಗಳು ಉಬ್ಬಿ ನಿಂತಿದ್ದವು. "ಬರಕೊರಿ ಎಲ್ಲಾ. ಹೇಳಿದ್ದಂತೂ ಹೇಳೇನಿ."

ಅವಳ ಹಿಂದೆ ಇನ್ನೊಬ್ಬಳು ಎದ್ದಳು. "ನಂದು ಒಂದು ಐತ್ರಿ." ಮತ್ತೊಬ್ಬಳು ಎದ್ದು ಎರಡು ಬೆರಳು ತೋರಿಸಿ ಕೂತುಬಿಟ್ಟಳು. ಕೊನೆಗೆ ಮುದುಕಿಯೂ ಕೂಸನ್ನು ಪಕ್ಕದವಳ ಕೈಗೆ ಕೊಟ್ಟು ಎದ್ದಳು. ಅವಳದು ಮೂರು. ಒಟ್ಟು ಹತ್ತೊಂಬತ್ತು ಬರೆದೆವು. ಹತ್ತೊಂಬತ್ತರ ಮುಂದೂ ಹೆಸರಿನ ಅಂಕಣ ಖಾಲಿ. ಆ ಬಾಣಂತಿ ತನ್ನ ಮಗುವನ್ನೆತ್ತಿಕೊಂಡು ಯಾರ ಮುಖವನ್ನೂ ನೋಡದೆ ಎದ್ದು ಹೋದಳು.

ನೇಕಾರ ತೋಡಿದ ಗುಂಡಿಯನ್ನು ಇದ್ದದ್ದು ಇದ್ದ ಹಾಗೆಯೇ ಮಣ್ಣೆಳೆದು ಮುಚ್ಚಿ, ಎರಡು ಎಕರೆಯನ್ನು ಸ್ಮಶಾನವೆಂದು ದಾಖಲಿಸಿ ನಿವೇಶನದ ನಕ್ಷೆಯಿಂದ ತೆಗೆದೆವು. ಪೂರ್ವದ ಪಟ್ಟಿಯಲ್ಲಿ ಮೂವತ್ತನಾಲ್ಕು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ಉಳಿದ ಮೂವತ್ತನಾಲ್ಕು ಇನ್ನೂ ಸಾಲೆಯ ಹಿಂದೆಯೇ ಇವೆ. ಬೇರೆ ಜಾಗಕ್ಕೆ ಪ್ರಸ್ತಾವ ಹೋಗಿದೆ, ಹೋಗಿಯೇ ಇದೆ. ನನಗೆ ನೋಟಿಸು ಬಂತು, ಬಡ್ತಿ ನಿಂತಿತು, ಬಾದಾಮಿಗೆ ವರ್ಗವಾಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಹೋಗುವ ಮೊದಲು ಹುನಗುಂದ ಬಸ್ ನಿಲ್ದಾಣದಲ್ಲಿ ನೇಕಾರ ಸಿಕ್ಕ. ಇಳಕಲ್ಲಿನಲ್ಲಿ ಯಾರದೋ ಪವರ್‌ಲೂಮಿನಲ್ಲಿ ಕೂಲಿಗೆ ಹೋಗುತ್ತಿದ್ದ. ಮಗ್ಗದ ಕಟ್ಟಿಗೆಗೆ ಗೆದ್ದಲು ಹತ್ತಿತ್ತಂತೆ, ಒಲೆಗೆ ಹಾಕಿದರಂತೆ. ಚಹಾ ಕುಡಿಯೋಣ ಬಾ ಅಂದೆ. ಒಲ್ಲೆ ಅಂದ. "ತಪ್ಪು ತಿಳ್ಕೊಬ್ಯಾಡ್ರಿ ಸಾಹೇಬ್ರ. ನೀವು ಕಾಗದ ಬರದದ್ದು ಭಾಳ ಚಲೋ ಆತು. ಆದ್ರ ಮೊದಲ ಸಲ ಚಂದಾಗಿ ಕೇಳಿದ್ರ ನಾ ಆಸೀನ ಇಟ್ಕೋತಿರಲಿಲ್ಲ. ಚೀಟಿ ಕಣ್ಣಿಗೊತ್ತಿಕೊಂಡಿದ್ದೆ ನಾ" ಅಂದು ಬಸ್ಸು ಹತ್ತಿದ.

ಹುನಗುಂದದಲ್ಲಿ ನನ್ನ ಕೊನೆಯ ಕೆಲಸ ಆ ಎರಡು ಎಕರೆಗೆ ಗಡಿ ಕಲ್ಲು ನೆಡಿಸುವುದಾಗಿತ್ತು. ನಾಲ್ಕನೆಯ ಕಲ್ಲು ನೆಡಿಸಿ, ಯಂತ್ರವನ್ನು ಪೆಟ್ಟಿಗೆಗೆ ಹಾಕುತ್ತಿದ್ದಾಗ ಆ ತರುಣಿ ದಿಬ್ಬ ಇಳಿದು ಬಂದಳು. ಕೂಸನ್ನು ತಂದಿರಲಿಲ್ಲ. ಕಲ್ಲಿನ ಆಚೆಯೇ ನಿಂತಳು.

"ಈ ಮಷೀನ್‌ದಾಗ ಮಣ್ಣಿನ ಒಳಗ ಕಾಣ್ತೈತೇನ್ರಿ?"

"ಇಲ್ಲವ್ವಾ. ಮ್ಯಾಲಿಂದು ಅಷ್ಟ."

ತಲೆಯಾಡಿಸಿದಳು. ಹೋಗುತ್ತಾಳೆಂದುಕೊಂಡೆ, ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು, "ಅವತ್ತ ಆ ಮಗ್ಗದಾವ್ರು ಅಗದದ್ದು ನೀವು ನೋಡೀರೆಲ್ರಿ. ಸಲಿಕಿ ತಾಗಿತ್ತಂತ. ಆ ಕೂಸಿನ ಕೈಯಾಗ ಕರೀಬಳಿ ಇದ್ವೇನ್ರಿ?"

ನಾನು ಪೆಟ್ಟಿಗೆಯ ಕೊಂಡಿ ಹಾಕಿದೆ.

"ನನ್ನದಕ್ಕ ಒಂದ ಕೈಯಾಗ ಇತ್ರಿ, ಒಂದ. ಇನ್ನೊಂದು ನೀರ ಎರಿಯೂ ಮುಂದ ಒಡದಿತ್ತು. ಹೊಸಾದು ತರಬೇಕಂದಿದ್ದೆ, ಅಷ್ಟರಾಗ..."

ನೇಕಾರ ಟವೆಲ್ಲಿನ ಅಂಚು ಎತ್ತಿದಾಗ ನಾನು ನೋಡಿದ್ದು ಒಂದೇ ಬಳೆ. ನಾಲ್ಕಾಣೆಯಷ್ಟಗಲದ ಕಪ್ಪು ಗಾಜಿನ ಬಳೆ, ಎಡಗೈಯದು. ಬಲಗೈಯಲ್ಲಿ ಏನೂ ಇರಲಿಲ್ಲ. ಸಲಿಕೆ ತಾಗಿದ್ದು ತಲೆಗೆ.

"ಎರಡಿದ್ವು" ಅಂದೆ. "ಎರಡೂ ಕೈಯಾಗ ಇದ್ವು. ನಾ ಎಣಿಸೇನಿ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಲ್ಲಿನ ಪಕ್ಕ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹಂಗಾರ ನನ್ನದು ಆರಾಮ ಮಲಗೇತಿ" ಅಂದಳು.